ಮೌನದ ಹಕ್ಕುದಾರರು

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತೇವೆ. ಬಂಗಾರವೆಂದ ಮೇಲೆ ಅದಕ್ಕೊಬ್ಬ ಒಡೆಯ ಹುಟ್ಟಿಕೊಳ್ಳುವುದೂ ಕಳವಿನ ದೂರು ಬರುವುದೂ ಸಹಜವೇ ಇರಬೇಕು. 2002ರಲ್ಲಿ ಇಂಗ್ಲೆಂಡಿನಲ್ಲಿ ಅಂಥದ್ದೊಂದು ದೂರು ಬಂತು. ಆ ಕತೆಯನ್ನು ನಾನು ಎಷ್ಟೋ ಸಲ ಗೆಳೆಯರಿಗೆ ಹೇಳಿ ನಗಿಸಿದ್ದೇನೆ. ಆಮೇಲೆ ತಿಳಿಯಿತು, ನಾನು ಹೇಳುತ್ತಿದ್ದುದರಲ್ಲಿ ಅರ್ಧ ಮಾತ್ರ ನಿಜ.

ಮೊದಲು ನಾನು ಹೇಳುತ್ತಿದ್ದ ಕತೆ. ಮೈಕ್ ಬ್ಯಾಟ್ ಎಂಬ ಬ್ರಿಟಿಷ್ ಸಂಗೀತ ಸಂಯೋಜಕ ‘ದಿ ಪ್ಲಾನೆಟ್ಸ್’ ಎಂಬ ತಂಡಕ್ಕಾಗಿ ‘ಕ್ಲಾಸಿಕಲ್ ಗ್ರಫೀಟಿ’ ಎಂಬ ಆಲ್ಬಮ್ ಮಾಡಿದ. ಅದರಲ್ಲಿ ಎರಡು ಬಗೆಯ ರಚನೆಗಳನ್ನು ಬೇರ್ಪಡಿಸಲು ನಡುವೆ ಒಂದು ನಿಮಿಷ ಖಾಲಿ ಬಿಟ್ಟು, ಅದಕ್ಕೆ ‘ಒಂದು ನಿಮಿಷದ ಮೌನ’ ಎಂಬರ್ಥದ ಹೆಸರಿಟ್ಟ. ಅಷ್ಟಕ್ಕೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಮಾಷೆಗೆಂದು ಸಂಯೋಜಕರ ಹೆಸರಿನ ಜಾಗದಲ್ಲಿ ‘ಬ್ಯಾಟ್/ಕೇಜ್’ ಎಂದು ಅಚ್ಚು ಹಾಕಿಸಿದ. ಕೇಜ್ ಎಂದರೆ ‘4'33"’ ಎಂಬ ಮೌನದ ಕೃತಿಯಿಂದ ಹೆಸರಾದ ಅಮೆರಿಕದ ಸಂಯೋಜಕ ಜಾನ್ ಕೇಜ್. ಅವನು 1992ರಲ್ಲೇ ತೀರಿಕೊಂಡಿದ್ದ. ಅವನ ಕೃತಿಗಳ ಹಕ್ಕು ಇದ್ದದ್ದು ಪೀಟರ್ಸ್ ಎಡಿಷನ್ ಎಂಬ ಪ್ರಕಾಶನದ ಬಳಿ. ಅವರು ರಾಯಲ್ಟಿ ಕೇಳಿದರು. ನಾಲ್ಕೂವರೆ ನಿಮಿಷದ ಮೌನದಲ್ಲಿ ನೀನು ಕದ್ದದ್ದು ಯಾವ ಭಾಗವನ್ನಂತೆ ಎಂದು ತನ್ನ ತಾಯಿ ಕೇಳಿದಳೆಂದು ಬ್ಯಾಟ್ ಪತ್ರಿಕೆಗಳಿಗೆ ಹೇಳಿದ. ಕ್ಲಿಂಟ್ ಕೇಜ್ ಎಂಬುದು ತನ್ನದೇ ಕಾವ್ಯನಾಮ ಎಂದು ನೋಂದಾಯಿಸಿಯೂ ಬಿಟ್ಟ. ಕೊನೆಗೆ ಕೋರ್ಟಿನ ಹೊರಗೇ ರಾಜಿಯಾಯಿತು. ಬ್ಯಾಟ್ ಆರಂಕಿಯ ಮೊತ್ತ ತೆತ್ತನೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ಇಲ್ಲಿಗೆ ಎಲ್ಲರೂ ನಗುತ್ತಿದ್ದರು. ನಾಳೆ ಉಸಿರಾಡುವುದಕ್ಕೂ ಕಾಸು ಕೇಳುತ್ತಾರೆ ಎಂದು ಯಾರಾದರೊಬ್ಬರು ಸೇರಿಸುತ್ತಿದ್ದರು.

ಮೌನವನ್ನು ಮೊದಲು ಬರೆದವನು ಕೇಜ್ ಅಲ್ಲ. 1897ರಲ್ಲಿ ಫ್ರಾನ್ಸಿನ ಹಾಸ್ಯ ಲೇಖಕ ಅಲ್ಫೋನ್ಸ್ ಅಲೆ, ಕಿವುಡನೊಬ್ಬನ ಅಂತ್ಯಯಾತ್ರೆಗೆಂದು ಒಂದೂ ಸ್ವರವಿಲ್ಲದ ಸಂಗೀತದ ಹಾಳೆಯನ್ನು ಪ್ರಕಟಿಸಿದ್ದ. 1919ರಲ್ಲಿ ಪ್ರಾಗ್ ಮೂಲದ ಎರ್ವಿನ್ ಶುಲ್‌ಹಾಫ್ ತನ್ನ ಪಿಯಾನೊ ಕೃತಿಯೊಂದರ ಒಂದು ಭಾಗವನ್ನು ಪೂರ್ತಿ ವಿರಾಮದ ಚಿಹ್ನೆಗಳಲ್ಲೇ ಬರೆದಿದ್ದ. ಮೊದಲು ಕಂಡವನದೇ ಮೌನ ಎನ್ನುವುದಾದರೆ ಕೇಜ್‌ನೇ ಇವರಿಗೆ ಬಾಕಿದಾರ!

ಆದರೆ ಕೇಜ್ ಮಾಡಿದ್ದು ಬೇರೆಯೇ ಕೆಲಸ. 1940ರ ದಶಕದಲ್ಲಿ ನ್ಯೂಯಾರ್ಕಿಗೆ ಬಂದಿದ್ದ ಅಹಮದಾಬಾದಿನ ಗೀತಾ ಸಾರಾಭಾಯಿ ಅವನಿಗೆ ಭಾರತೀಯ ಸಂಗೀತವನ್ನು ಪರಿಚಯಿಸಿದರು, ಪ್ರತಿಯಾಗಿ ಅವನಿಂದ ಪಾಶ್ಚಾತ್ಯ ಸಂಗೀತ ಕಲಿತರು. ಸಂಗೀತ ಯಾಕೆ ಬೇಕು ಎಂಬ ಅವನ ಪ್ರಶ್ನೆಗೆ, ಮನಸ್ಸನ್ನು ಶಾಂತಗೊಳಿಸಿ ದೈವಕ್ಕೆ ತೆರೆಯಲು ಎಂಬ ಉತ್ತರ ಸಿಕ್ಕಿದ್ದು ಅವರಿಂದಲೇ. 1948ರ ಒಂದು ಭಾಷಣದಲ್ಲಿ, ಅಂಗಡಿ ಆಫೀಸುಗಳಿಗೆ ಹಿನ್ನೆಲೆ ಸಂಗೀತ ಒದಗಿಸುವ ಮ್ಯೂಜ್ಯಾಕ್ ಕಂಪನಿಗೆ ಮೌನದ ಒಂದು ತುಣುಕನ್ನು ಮಾರುವ ಆಸೆ ತನಗಿದೆ ಎಂದ. ಬಿಡುವಿಲ್ಲದ ಆ ಸಂಗೀತದ ನಡುವೆ ಜನರಿಗೆ ಮೂರೋ ನಾಲ್ಕೋ ನಿಮಿಷ ಬಿಡುಗಡೆ ಸಿಗಲಿ ಎಂದು.

1951ರಲ್ಲಿ ಅವನು ಹಾರ್ವರ್ಡ್‌ನಲ್ಲಿ ಶಬ್ದವೇ ಇಲ್ಲದಂತೆ ಕಟ್ಟಿದ ಕೋಣೆಯೊಂದನ್ನು ಹೊಕ್ಕ. ಅಲ್ಲೂ ಅವನಿಗೆ ಎರಡು ಸದ್ದು ಕೇಳಿಸಿದವು. ಎರಡೂ ನಿಮ್ಮ ಮೈಯೊಳಗಿನವೇ, ಕೆಳದನಿಯದು ರಕ್ತ ಹರಿಯುವ ಸದ್ದು ಎಂದು ಅಲ್ಲಿನ ಎಂಜಿನಿಯರ್ ವಿವರಿಸಿದನಂತೆ. ಮೌನವೆಂಬುದೇ ಇಲ್ಲ ಎಂಬ ತೀರ್ಮಾನದೊಂದಿಗೆ ಕೇಜ್ ಹೊರಬಂದ. ಮರುವರ್ಷ, 1952ರ ಆಗಸ್ಟ್ 29ರಂದು, ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಹಿಂಬದಿ ಕಾಡಿಗೆ ತೆರೆದುಕೊಂಡ ಒಂದು ಸಭಾಂಗಣದಲ್ಲಿ ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ಕುಳಿತು ಮುಚ್ಚಳ ಹಾಕಿದ. ಮೂರು ಭಾಗ ಮುಗಿಯುವವರೆಗೂ ಒಂದೂ ಸ್ವರ ನುಡಿಸಲಿಲ್ಲ. ಮೊದಲ ಭಾಗದಲ್ಲಿ ಗಾಳಿ, ಎರಡನೆಯದರಲ್ಲಿ ಸೂರಿನ ಮೇಲೆ ಮಳೆಹನಿ, ಮೂರನೆಯದರಲ್ಲಿ ಸಿಡಿಮಿಡಿಗೊಂಡ ಜನರ ಮಾತು ಕೇಳಿಸಿತೆಂದು ಕೇಜ್ ನೆನಪಿಸಿಕೊಂಡಿದ್ದಾನೆ.

ಹಾಗಾದರೆ ಆ ಕೃತಿಯಲ್ಲಿ ಕೇಜ್‌ನದು ಯಾವುದು? ಗಾಳಿಯಲ್ಲ, ಮಳೆಯಲ್ಲ, ಮೌನವಂತೂ ಅಲ್ಲ. ಅವನದು ಹೆಸರು, ಕಾಲದ ಚೌಕಟ್ಟು, ನುಡಿಸಬೇಡ ಎಂದು ಬರೆದ ಹಾಳೆ. ಹಕ್ಕುಸ್ವಾಮ್ಯ ಕಾಯುವುದು ಅಂಥ ರೂಪವನ್ನು. ಅದರ ಹಿಂದಿನ ಆಲೋಚನೆಯನ್ನಲ್ಲ. ಬ್ಯಾಟ್‌ನ ಒಂದು ನಿಮಿಷದಲ್ಲಿ ಈ ಚೌಕಟ್ಟೂ ಇರಲಿಲ್ಲ, ಗಾಳಿಮಳೆಯೂ ಇರಲಿಲ್ಲ. ಅವನು ಎತ್ತಿಕೊಂಡದ್ದು ಒಂದು ಹೆಸರನ್ನು ಮಾತ್ರ. ಅದು ಮೌನ ಎಂದು ಹಣ ಕೇಳಿದಾಗ ಕೇಜ್‌ನ ಕೃತಿಯನ್ನೇ ಬರೀ ಮೌನವೆಂದು ಒಪ್ಪಿಕೊಂಡಂತಾಯಿತು. ಮೌನವೆಂಬುದೇ ಇಲ್ಲ ಎಂದವನ ಪರವಾಗಿ ಮೌನದ ಬಾಡಿಗೆ ವಸೂಲಿ!

ಈಗ ಕತೆಯ ಉಳಿದರ್ಧ. 2010ರಲ್ಲಿ ಬ್ಯಾಟ್ ನಿಜ ಹೇಳಿದ. ಆ ಜಗಳದ ಬಹುಪಾಲು ಪ್ರಚಾರದ ಆಟ. ಕೊಟ್ಟದ್ದು ಆರಂಕಿಯ ಮೊತ್ತವಲ್ಲ, ಸಾವಿರ ಪೌಂಡಿನ ದೇಣಿಗೆ. ಯಾವ ನ್ಯಾಯಾಧೀಶನೂ ಮೌನದ ಬಗ್ಗೆ ತೀರ್ಪು ಬರೆಯಲಿಲ್ಲ.

ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಿಂತ, ಅಷ್ಟು ಸಲೀಸಾಗಿ ನಂಬಿದ್ದಕ್ಕೆ. ಮೌನಕ್ಕೂ ಬಿಲ್ಲು ಬರುತ್ತದೆ ಎಂದಾಗ ನಾವು ನಕ್ಕೆವೇ ಹೊರತು ಅನುಮಾನಿಸಲಿಲ್ಲ. ಅದು ನಡೆಯಬಹುದಾದ ಲೋಕದಲ್ಲೇ ಇದ್ದೇವೆಂದು ಒಳಗೊಳಗೇ ಗೊತ್ತಿತ್ತು. 2014ರಲ್ಲಿ ವಲ್ಫ್‌ಪೆಕ್ ಎಂಬ ಅಮೆರಿಕದ ತಂಡ ಅರ್ಧರ್ಧ ನಿಮಿಷದ ಹತ್ತು ನಿಶ್ಶಬ್ದ ತುಣುಕುಗಳನ್ನು ಸ್ಪಾಟಿಫೈಗೆ ಹಾಕಿ, ಮಲಗುವಾಗ ಹಚ್ಚಿಡಿ ಎಂದು ಅಭಿಮಾನಿಗಳಿಗೆ ಹೇಳಿ, ಸ್ಪಾಟಿಫೈ ಅದನ್ನು ತೆಗೆದುಹಾಕುವಷ್ಟರಲ್ಲಿ ಸುಮಾರು 20,000 ಡಾಲರ್ ಗಳಿಸಿತು. ಈ ಕತೆ ಮಾತ್ರ ಪೂರ್ತಿ ನಿಜ.

ಈಗ ನಾನು ಬ್ಯಾಟ್‌ನ ಕತೆ ಹೇಳಿದರೆ ಕೊನೆಗೆ ವುಡ್‌ಸ್ಟಾಕ್‌ಗೆ ಮರಳುತ್ತೇನೆ. ಅಂದು ಸಿಟ್ಟಾದವರಿಗೆ ಕೊಟ್ಟ ದುಡ್ಡಿಗೆ ಏನೂ ಸಿಗಲಿಲ್ಲ ಅನ್ನಿಸಿತ್ತು. ಸೂರಿನ ಮೇಲೆ ಮಳೆ ಬೀಳುತ್ತಿತ್ತು. ಅದು ಯಾರದೂ ಆಗಿರಲಿಲ್ಲ, ಆದ್ದರಿಂದ ಕೇಳಿಸಿಕೊಂಡವರೆಲ್ಲರದೂ ಆಗಿತ್ತು.