ಲೆಕ್ಕಕ್ಕುಂಟು, ಆಟಕ್ಕಿಲ್ಲ

ಜೈಲು ಮುಚ್ಚಬೇಡಿ ಅಂತ ಕೋರ್ಟಿಗೆ ಹೋದ ಊರೊಂದಿದೆ: ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಸೂಸನ್‌ವಿಲ್. ಮರದ ಮಿಲ್ಲುಗಳು ಹೋದ ಮೇಲೆ ಜೈಲೇ ಅದರ ಅನ್ನ. ಅಲ್ಲಿನ ಎರಡು ರಾಜ್ಯ ಜೈಲುಗಳಲ್ಲಿ 1963ರದ್ದನ್ನು ಮುಚ್ಚುತ್ತೇವೆಂದು ಸರ್ಕಾರ 2021ರಲ್ಲಿ ಸಾರಿದಾಗ ನಗರಾಡಳಿತ ದಾವೆ ಹೂಡಿತು. ಅದೂ ಪರಿಸರ ಕಾನೂನಿನಡಿ! 2023ರಲ್ಲಿ ಜೈಲು ಮುಚ್ಚಿತು.

ಆ ಸಂಬಳ ನಂಬಿದ್ದ ಕಾವಲುಗಾರನ, ಅಂಗಡಿಯವನ ಸಂಕಟ ಸುಳ್ಳಲ್ಲ, ನಾನದನ್ನು ಅಣಕಿಸಲಾರೆ. ಆದರೆ ಆ ಅನ್ನ ಯಾರ ಮಕ್ಕಳನ್ನು ಕೂಡಿಹಾಕಿ ಬೆಂದದ್ದು? ಆ ದೇಶದ ಜೈಲುಗಳಲ್ಲಿ ಕರಿಯರು ತಮ್ಮ ಜನಸಂಖ್ಯೆಯ ಪಾಲಿಗೆ ಮೀರಿ ತುಂಬಿದ್ದಾರೆ. ಜನಗಣತಿ ಕೈದಿಗಳನ್ನು ಜೈಲಿರೋ ಊರಿನವರೆಂದೇ ಬರಕೊಳ್ಳುತ್ತೆ. ಬಹುಪಾಲು ರಾಜ್ಯಗಳಲ್ಲಿ ಅವರಿಗೆ ಓಟಿಲ್ಲ. ತಲೆಗಳಿಂದ ಆ ಊರಿನ ತೂಕ ಮಾತ್ರ ಏರುತ್ತೆ. ತರಗತಿಯಲ್ಲಿ ಇದನ್ನು ಹೇಳಿದಾಗ ಕೇರಿಯ ಹುಡುಗನೊಬ್ಬ, ‘ಲೆಕ್ಕಕ್ಕುಂಟು, ಆಟಕ್ಕಿಲ್ಲ. ನಮ್ಮಂಗೇ ಅಲ್ವಾ ಸಾರ್?’ ಅಂದ.

ಕ್ಷೇತ್ರ ವಿಂಗಡಿಸುವಾಗ ಕೈದಿಯನ್ನು ಅವನ ಸ್ವಂತ ಊರಲ್ಲೇ ಎಣಿಸಬೇಕೆಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿದ್ದು 2010ರಲ್ಲಿ.