ಪರಾಂಗಕ್ಕೆ ದೇಹದ ಸಮ್ಮತಿ

ಕೊಯಮತ್ತೂರಿನ ಪಿ.ಎಸ್.ಜಿ., ಕೋವೈ ಮೆಡಿಕಲ್ ಸೆಂಟರ್ ಮೊದಲಾದ ಆಸ್ಪತ್ರೆಗಳಲ್ಲಿ ಮೂತ್ರಪಿಂಡದ ಕಸಿ ಇಂದು ಅಪೂರ್ವ ಸಂಗತಿಯಾಗಿ ಉಳಿದಿಲ್ಲ. ತಿರುಪ್ಪೂರಿನ ಬನಿಯನ್ ಕಂಪೆನಿಗಳ ಕಾರ್ಮಿಕರಿಗೂ, ಮನೆಯೊಳಗೆ ಇಂದಿಗೂ ಕನ್ನಡವನ್ನಾಡುವ ಈ ಸೀಮೆಯ ದೇವಾಂಗ ನೇಕಾರರಿಗೂ ಒಕ್ಕಲಿಗ ರೈತರಿಗೂ ಒಂದು ಬಸ್ಸಿನ ದೂರದಲ್ಲಿರುವ ಈ ಚಿಕಿತ್ಸೆಯ ಯಶಸ್ಸನ್ನು ಶಸ್ತ್ರವೈದ್ಯರ ಹಸ್ತಕೌಶಲಕ್ಕೆ ಆರೋಪಿಸುವುದು ಸಹಜವೇ. ಆದರೆ ರಕ್ತನಾಳಗಳನ್ನು ಹೊಲಿಯುವ ವಿದ್ಯೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸಿದ್ಧಿಸಿದ್ದರೂ ಕಸಿಯಾದ ಅಂಗ ಬಾಳದೆ ಹೋದುದೇಕೆಂದು ವಿಚಾರಿಸಿದರೆ, ಈ ಯಶಸ್ಸಿನ ಹೆಚ್ಚಿನ ಪಾಲು ಔಷಧಕ್ಕೆ ಸಲ್ಲಬೇಕೆಂದು ತಿಳಿದೀತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟ ಗಾಯಗಳಿಗೆ ಪರರ ಚರ್ಮವನ್ನು ಹಚ್ಚುವ ವಿಷಯವನ್ನು ಪರೀಕ್ಷಿಸುತ್ತಿದ್ದ ಪೀಟರ್ ಮೆಡಾವರ್, ಅದೇ ದಾನಿಯ ಚರ್ಮವು ಎರಡನೆಯ ಸಲ ಮತ್ತಷ್ಟು ಶೀಘ್ರವಾಗಿ ನಾಶವಾಗುವುದನ್ನು ಕಂಡು, ಈ ನಿರಾಕರಣೆಯು ರೋಗನಿರೋಧಕ ಶಕ್ತಿಯದೇ ಕಾರ್ಯವೆಂದು ಸ್ಥಾಪಿಸಿದರು. 1954ರಲ್ಲಿ ಬಾಸ್ಟನ್ನಿನ ಜೋಸೆಫ್ ಮರ್ರೆ ಏಕರೂಪ ಅವಳಿಗಳ ನಡುವೆ ಮಾಡಿದ ಕಸಿ ಗೆದ್ದುದು, ಅಲ್ಲಿ ದೇಹಕ್ಕೆ ಅನ್ಯವೆಂಬುದೇ ಇಲ್ಲದುದರಿಂದ. ಮಿಕ್ಕವರಿಗೆ ಇಡೀ ಮೈಗೆ ಕ್ಷ-ಕಿರಣ ಹಾಯಿಸಿದರು. ಹಲವರನ್ನು ಸೋಂಕು ಬಲಿ ತೆಗೆದುಕೊಂಡಿತು. ಅನಂತರ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಶಾಲೆಯಿಂದ ಅಜಾಥಯೊಪ್ರಿನ್ ಎಂಬ ಮದ್ದು ಬಂದಿತು. 1963ರಲ್ಲಿ ಥಾಮಸ್ ಸ್ಟಾರ್ಜ್ಲ್ ಅದಕ್ಕೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡನ್ನು ಬೆರೆಸಿ ಪಡೆದ ಫಲವನ್ನು ಪ್ರಕಟಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಯಶಸ್ವಿಯಾದ ಮೂತ್ರಪಿಂಡದ ಕಸಿ ಈ ಯುಗಕ್ಕೆ ಸೇರಿದುದು.

ಆದರೆ ಅಜಾಥಯೊಪ್ರಿನ್ನಿನಂತೆ ಕೋಶಗಳ ವಿಭಜನೆಯನ್ನೇ ತಡೆಯುವ ಮದ್ದು ಎಲುಬಿನ ಮಜ್ಜೆಯನ್ನೂ ಬಾಡಿಸುವುದು. ಈ ಕುರುಡು ಪೆಟ್ಟಿನಿಂದ ವೈದ್ಯಶಾಸ್ತ್ರವನ್ನು ಬಿಡಿಸಿದುದು ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯ ಮಣ್ಣಿನಲ್ಲಿದ್ದ ಒಂದು ಬೂಷ್ಟು. ಅದರಿಂದ ದೊರೆತ ಸೈಕ್ಲೋಸ್ಪೋರಿನ್ನಿನ ಗುಣವನ್ನು ಬೊರೆಲ್ 1976ರಲ್ಲಿ ಪ್ರಕಟಿಸಿದರು; 1978ರಲ್ಲಿ ಕೇಂಬ್ರಿಜ್ಜಿನ ರಾಯ್ ಕಾಲ್ನ್ ರೋಗಿಗಳಲ್ಲಿ ಅದನ್ನು ಬಳಸಿದರು. ಪರಾಂಗದ ಗುರುತನ್ನು ಕಂಡ, ರೋಗನಿರೋಧಕ ವ್ಯೂಹದ ಟಿ ಕೋಶದೊಳಗೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚೆತ್ತು, ಆ ಕೋಶಗಳು ಸಂಖ್ಯೆಯಲ್ಲಿ ಬೆಳೆಯಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ದ್ರವ್ಯದ ಉತ್ಪತ್ತಿಗೆ ಆಜ್ಞೆ ಹೋಗುತ್ತದಷ್ಟೆ. ಸೈಕ್ಲೋಸ್ಪೋರಿನ್ ಆ ಕಿಣ್ವವನ್ನೇ ಕಟ್ಟಿಹಾಕುವುದು. ಕೋಶ ಸಾಯುವುದಿಲ್ಲ, ಸುಮ್ಮನಾಗುತ್ತದೆ. ಕೊಲ್ಲುವುದರಿಂದ ಸುಮ್ಮನಾಗಿಸುವುದಕ್ಕೆ ಬಂದ ಈ ಹೆಜ್ಜೆಯೇ ಈ ಶಾಸ್ತ್ರದ ಅತ್ಯಂತ ಹಿರಿದಾದ ಹೆಜ್ಜೆಯೆಂದು ನಾನು ಭಾವಿಸುತ್ತೇನೆ. ಜಪಾನಿನ ತ್ಸುಕುಬಾದ ಮಣ್ಣಿನಿಂದ 1984ರಲ್ಲಿ ದೊರೆತ ಟ್ಯಾಕ್ರೊಲಿಮಸ್ ಇದೇ ಕಿಣ್ವವನ್ನು ಇನ್ನೂ ಕಡಿಮೆ ಪ್ರಮಾಣದಲ್ಲಿ ತಡೆಯುವುದು.

1994ರ ಅಂಗಕಸಿ ಕಾಯಿದೆಯೂ, ತಮಿಳುನಾಡು ಸರ್ಕಾರ 2008ರಲ್ಲಿ ಆರಂಭಿಸಿದ ಮೃತದಾನಿಗಳ ಅಂಗಕಸಿ ಕಾರ್ಯಕ್ರಮವೂ ಅಪರಿಚಿತರ ಅಂಗಗಳಿಗೆ ದಾರಿ ತೆರೆದುವು. ಈ ಔಷಧಗಳಿಲ್ಲದೆ ಆ ದಾರಿ ವ್ಯರ್ಥವಾಗುತ್ತಿತ್ತು.

ಆದರೂ ಮೂತ್ರಪಿಂಡವನ್ನು ಕಾಯುವ ಟ್ಯಾಕ್ರೊಲಿಮಸ್ಸೇ ಪ್ರಮಾಣ ಮೀರಿದರೆ ಮೂತ್ರಪಿಂಡವನ್ನು ಕೆಡಿಸುವುದರಿಂದ, ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಅಳೆಯಬೇಕಾಗುತ್ತದೆ. ಪರೀಕ್ಷೆಯ ದಿನ ರೋಗಿಯು ಬೆಳಗಿನ ಮಾತ್ರೆಯನ್ನು ನುಂಗದೆ ಚೀಲದಲ್ಲಿಟ್ಟುಕೊಂಡು ಬಂದು, ರಕ್ತ ಕೊಟ್ಟ ಮೇಲೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತು ನುಂಗಬೇಕು. ಹಿಂದಿನ ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆ ಕಳೆದಾಗಿನ ಮಟ್ಟವೇ ವೈದ್ಯರಿಗೆ ಬೇಕಾದುದು. ನಮ್ಮ ನಾಡಿನ ಕಷ್ಟ ಇನ್ನೊಂದಿದೆ: ರಕ್ಷಣೆ ತಗ್ಗಿದ ದೇಹದಲ್ಲಿ ಕ್ಷಯ ಸುಲಭವಾಗಿ ತಲೆಯೆತ್ತುತ್ತದೆ, ಅದಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತನ್ನು ಪ್ರಚೋದಿಸಿ ಟ್ಯಾಕ್ರೊಲಿಮಸ್ಸನ್ನು ಬೇಗ ಕರಗಿಸಿಬಿಡುತ್ತದೆ, ಆಗ ಪ್ರಮಾಣವನ್ನು ಹಲವು ಪಟ್ಟು ಏರಿಸುವುದೋ, ಅಥವಾ ರಿಫಾಬ್ಯುಟಿನ್‌ನಂಥ ಬೇರೆ ಮದ್ದನ್ನು ಹಿಡಿಯುವುದೋ ಎಂಬುದನ್ನು ವೈದ್ಯರು ಒಬ್ಬೊಬ್ಬ ರೋಗಿಯನ್ನೂ ನೋಡಿ ನಿರ್ಧರಿಸುತ್ತಾರೆ.