ಲಾಗೌಟ್

ಹಾಯಿಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿದ ಮರದ ತುಂಡನ್ನು ಕಡಲಿಗೆ ಎಸೆಯುತ್ತಿದ್ದರು. ಆ ತುಂಡೇ ಇಂಗ್ಲಿಷಿನ ‘ಲಾಗ್’. ಹಗ್ಗದ ಗಂಟುಗಳ ಲೆಕ್ಕ ಬರೆದಿಟ್ಟ ಪುಸ್ತಕ ಲಾಗ್‌ಬುಕ್ ಆಯಿತು. 1961ರಲ್ಲಿ ಎಂಐಟಿ ತೋರಿಸಿದ, ಹಲವರು ಒಟ್ಟಿಗೆ ಬಳಸುವ ಸಿಟಿಎಸ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅದೇ ಪದದಿಂದ ಲಾಗಿನ್, ಲಾಗೌಟ್ ಆಜ್ಞೆಗಳಾದವು.

ಸುಮ್ಮನೆ ಕೂತವರ ಸೆಷನ್ನೂ ಮೆಮೊರಿ ತಿನ್ನುತ್ತದೆ, ಭದ್ರತೆಗೂ ಅಪಾಯ. ಅದಕ್ಕೇ ಆಟೋ ಲಾಗೌಟ್. ವಿಜಯನಗರದ ಸೈಬರ್ ಸೆಂಟರುಗಳಲ್ಲಿ ಒಟಿಪಿ ತಡವಾದರೆ ಕೇಳುವ ಮಾತು: “ಲಾಗೌಟ್ ಆಗೋಯ್ತು ಆಂಟಿ, ಮೊದಲಿಂದ ಹಾಕ್ಬೇಕು.” ಮಾಡಿದ್ದಲ್ಲ, ಆದದ್ದು! ನಮ್ಮ ‘ಆಗು’ ಎಲ್ಲರನ್ನೂ ಬಚಾವು ಮಾಡುತ್ತದೆ. ಕೆಂಗೇರಿ ಕಡೆಯ ಐಟಿ ಹುಡುಗರ ಬಾಯಲ್ಲಿ ಮಾತ್ರ “ಏಳಕ್ಕೆ ಲಾಗೌಟ್” ಎಂದರೆ ಪಾಳಿ ಮುಗಿಯಿತೆಂದೇ ಅರ್ಥ. ನಿಗದಿತ ಹೊತ್ತಿಗೆ ತಾನಾಗಿಯೇ ಕೆಲಸ ನಡೆಸುವ ಕ್ರಾನ್‌ಗೆ ವಹಿಸಿದ ರಾತ್ರಿಯ ಬ್ಯಾಕಪ್ಪಿಗೆ ಅವರ ಲಾಗೌಟಿನ ಹಂಗಿಲ್ಲ.